ದನಿ ಅವರದು, ಮುಖ ಬೇರೆಯವರದು: ಮಾರ್ಥಾ ವಾಶ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಮಾರ್ಥಾ ವಾಶ್ ಯಾರು? ಈ ಹೆಸರು ಕೇಳಿದ ನೆನಪೇ ಇಲ್ಲವಲ್ಲ.

ಹೆಸರು ಕೇಳಿಲ್ಲದಿರಬಹುದು. ದನಿ ಮಾತ್ರ ಖಂಡಿತ ಕೇಳಿರುತ್ತೀರಿ. ಮದುವೆ ಆರ್ಕೆಸ್ಟ್ರಾ, ಕಾಲೇಜು ಡೇ, ಜಿಮ್, ಕ್ರಿಕೆಟ್ ಮೈದಾನದ ಸ್ಪೀಕರ್, ಹೀಗೆ ಎಲ್ಲಾದರೂ ಒಮ್ಮೆ 'ಎವ್ರಿಬಡಿ ಡಾನ್ಸ್ ನೌ' ಅಂತ ಒಬ್ಬ ಹೆಂಗಸು ಗಟ್ಟಿಯಾಗಿ ಕರೆಯುವುದು ನಿಮ್ಮ ಕಿವಿಗೆ ಬಿದ್ದಿರುತ್ತದೆ. ಆ ಕರೆ ಮಾರ್ಥಾ ವಾಶ್ ಅವರದು. 'ಇಟ್ಸ್ ರೇನಿಂಗ್ ಮೆನ್' ಹಾಡಿನ ಎರಡು ದನಿಗಳಲ್ಲಿ ಒಂದು ಅವರದು. 1990ರ ಸುಮಾರಿಗೆ ಜಗತ್ತನ್ನೇ ಕುಣಿಸಿದ ಬ್ಲ್ಯಾಕ್ ಬಾಕ್ಸ್ ತಂಡದ ಹೆಚ್ಚಿನ ಹಾಡುಗಳಲ್ಲಿ ಇರುವುದೂ ಅವರೇ. ಆದರೂ 'ಎವ್ರಿಬಡಿ ಡಾನ್ಸ್ ನೌ' ಮತ್ತು ಬ್ಲ್ಯಾಕ್ ಬಾಕ್ಸ್ ಹಾಡುಗಳ ವಿಡಿಯೊಗಳಲ್ಲಿ ಅವರ ಮುಖ ಇರಲಿಲ್ಲ, ಕವರಿನ ಮೇಲೆ ಅವರ ಹೆಸರೂ ಇರಲಿಲ್ಲ. ಈ ಪುಟ ಬರೆಯಲು ಕಾರಣವೇ ಅದು.

ಹಾಡಲು ಎಲ್ಲಿ ಕಲಿತರು?

ಚರ್ಚಿನಲ್ಲಿ. ಅವರು ಹುಟ್ಟಿದ್ದು 1953ರ ಡಿಸೆಂಬರ್ 28ರಂದು, ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ. ಕಪ್ಪು ಜನರ ಚರ್ಚುಗಳಲ್ಲಿ ಹಾಡುವ ಗಾಸ್ಪೆಲ್ ಸಂಗೀತವೇ ಅವರ ಮೊದಲ ಪಾಠ. ನಮ್ಮಲ್ಲಿ ಭಜನೆ ಮನೆಯಲ್ಲಿ ಹಾಡಿ ಹಾಡಿ ಗಂಟಲು ಪಳಗಿಸಿಕೊಂಡವರು ಇರುತ್ತಾರಲ್ಲ, ಹಾಗೆ. ಅಲ್ಲಿ ಮೈಕು ಇಲ್ಲದಿದ್ದರೂ ಹಿಂದಿನ ಸಾಲಿನವರೆಗೆ ಕೇಳಬೇಕು. ಒಬ್ಬರು ಕರೆಯಬೇಕು, ಉಳಿದವರು ಓಗೊಡಬೇಕು. ಮುಂದೆ ಡಾನ್ಸ್ ಹಾಡುಗಳಲ್ಲಿ ಅವರ ದನಿ ಇಷ್ಟೊಂದು ಕೆಲಸ ಮಾಡಿದ್ದಕ್ಕೆ ಈ ಪಳಗಿಕೆಯೇ ಕಾರಣ ಅಂತ ನನಗೆ ಅನಿಸುತ್ತದೆ.

ಚರ್ಚಿನ ಹಾಡುಗಾರ್ತಿ ಡಿಸ್ಕೋಗೆ ಬಂದದ್ದು ಹೇಗೆ?

ಸಿಲ್ವೆಸ್ಟರ್ ಅನ್ನುವ ಗಾಯಕನಿಂದ. ಸಿಲ್ವೆಸ್ಟರ್ ಕೂಡ ಚರ್ಚಿನಲ್ಲಿ ಹಾಡಿ ಬೆಳೆದವರೇ. ಗಂಡಸಾದರೂ ತೆಳುವಾದ, ಎತ್ತರದ ಶ್ರುತಿಯಲ್ಲಿ ಹಾಡುತ್ತಿದ್ದರು. ತಾನು ಸಲಿಂಗಿ ಅನ್ನುವುದನ್ನು ಆ ಕಾಲದಲ್ಲೇ ಮುಚ್ಚಿಡದೆ, ಮಿಂಚುವ ಬಟ್ಟೆ ತೊಟ್ಟು ವೇದಿಕೆ ಏರುತ್ತಿದ್ದರು.

1976ರ ಸುಮಾರಿಗೆ ಅವರಿಗೆ ಹಿಂದೆ ನಿಂತು ಹಾಡುವವರು ಬೇಕಾಗಿದ್ದರು. ಮಾರ್ಥಾ ಆಡಿಷನ್‌ಗೆ ಹೋದರು. ಅಲ್ಲಿ ತೆಳ್ಳಗಿನ ಇಬ್ಬರು ಬಿಳಿ ಹುಡುಗಿಯರು ಆಗಲೇ ಇದ್ದರಂತೆ. ಮಾರ್ಥಾ ಹಾಡಿದ್ದು ಕೇಳಿದ ಸಿಲ್ವೆಸ್ಟರ್ ಆ ಇಬ್ಬರನ್ನೂ ಕಳಿಸಿಬಿಟ್ಟರು. ಆಮೇಲೆ, ನಿನ್ನಷ್ಟೇ ದಪ್ಪ ಇರುವ, ನಿನ್ನ ಹಾಗೇ ಹಾಡುವ ಗೆಳತಿ ಇನ್ನೊಬ್ಬಳು ಇದ್ದಾಳಾ ಅಂತ ಕೇಳಿದರು. ಮಾರ್ಥಾ ಕರೆತಂದದ್ದು ಇಜೋರಾ ರೋಡ್ಸ್ ಅವರನ್ನು. ಇಬ್ಬರೂ ಅದಕ್ಕೂ ಮೊದಲೇ ಒಂದು ಗಾಸ್ಪೆಲ್ ತಂಡದಲ್ಲಿ ಜೊತೆಯಾಗಿ ಹಾಡುತ್ತಿದ್ದರು.

ಈ ಪ್ರಸಂಗವನ್ನು ದಯವಿಟ್ಟು ನೆನಪಿನಲ್ಲಿ ಇಟ್ಟುಕೊಳ್ಳಿ. ಮುಂದೆ ಹದಿನಾಲ್ಕು ವರ್ಷದ ನಂತರ ಯಾವ ಮೈಕಟ್ಟಿನ ಕಾರಣಕ್ಕೆ ಅವರನ್ನು ಕ್ಯಾಮೆರಾದಿಂದ ದೂರ ಇಟ್ಟರೋ, ಅದೇ ಮೈಕಟ್ಟನ್ನು ಈ ಮನುಷ್ಯ ಹುಡುಕಿ ಕರೆದು ವೇದಿಕೆಯ ಮೇಲೆ ತನ್ನ ಪಕ್ಕ ನಿಲ್ಲಿಸಿಕೊಂಡಿದ್ದರು.

1978ರಲ್ಲಿ ಸಿಲ್ವೆಸ್ಟರ್ ಅವರ 'ಯೂ ಮೇಕ್ ಮಿ ಫೀಲ್' ಮತ್ತು 'ಡಾನ್ಸ್ (ಡಿಸ್ಕೋ ಹೀಟ್)' ದೊಡ್ಡ ಹಿಟ್ ಆದವು. ಎರಡನೆಯದರಲ್ಲಿ ಮಾರ್ಥಾ, ಇಜೋರಾ ಬರೀ ಕೋರಸ್ ಅಲ್ಲ, ಹಾಡಿನ ಅರ್ಧ ಭಾರ ಹೊತ್ತವರು. 1979ರ ಮಾರ್ಚ್ 11ರಂದು ಸ್ಯಾನ್ ಫ್ರಾನ್ಸಿಸ್ಕೋದ ವಾರ್ ಮೆಮೋರಿಯಲ್ ಒಪೇರಾ ಹೌಸ್‌ನಲ್ಲಿ ಸಿಲ್ವೆಸ್ಟರ್ ಕಾರ್ಯಕ್ರಮ ಕೊಟ್ಟರು. ಡಿಸ್ಕೋ ಹಾಡುವವರಿಗೆ ಅಂಥ ಸಭಾಂಗಣ ಸುಲಭವಾಗಿ ಸಿಗುತ್ತಿರಲಿಲ್ಲ. ಅಲ್ಲಿಯೂ ಈ ಇಬ್ಬರು ಗೆಳತಿಯರು ಜೊತೆಗಿದ್ದರು.

'ಟೂ ಟನ್ಸ್ ಓ ಫನ್' ಅಂದರೆ ಇವರೇನಾ?

ಹೌದು. ಎರಡು ಟನ್ ಮಜಾ ಅನ್ನುವ ಅರ್ಥದ ಹೆಸರು. ಅದೇ ಹೆಸರಲ್ಲಿ 1980ರಲ್ಲಿ ತಮ್ಮದೇ ಆಲ್ಬಂ ತಂದರು. ಹೊರಗಿನವರು ಆಡಿಕೊಳ್ಳುವ ಮೊದಲು ತಾವೇ ಅದನ್ನು ಹೆಮ್ಮೆಯಿಂದ ಬೋರ್ಡಿಗೆ ಹಾಕಿಕೊಂಡಂತೆ ನನಗೆ ಕಾಣುತ್ತದೆ.

'ಇಟ್ಸ್ ರೇನಿಂಗ್ ಮೆನ್' ಮೊದಲು ಬೇರೆಯವರಿಗೆ ಬರೆದದ್ದಂತೆ, ನಿಜವಾ?

ಬೇರೆಯವರಿಗೆ ಕೊಡಲು ಹೋಗಿದ್ದಂತೂ ನಿಜ. ಬರೆದವರು ಪಾಲ್ ಜಬಾರಾ ಮತ್ತು ಪಾಲ್ ಶಾಫರ್. ಜಬಾರಾ ಸಾಮಾನ್ಯ ಬರಹಗಾರರಲ್ಲ, ಡೊನ್ನಾ ಸಮ್ಮರ್ ಹಾಡಿದ 'ಲಾಸ್ಟ್ ಡಾನ್ಸ್'ಗೆ ಆಸ್ಕರ್ ಗೆದ್ದವರು. ಆದರೂ ಈ ಹಾಡನ್ನು ಡೊನ್ನಾ ಸಮ್ಮರ್ ಒಲ್ಲೆ ಅಂದರು. ಡಯಾನಾ ರಾಸ್, ಶೇರ್, ಬಾರ್ಬ್ರಾ ಸ್ಟ್ರೈಸಾಂಡ್ ಕೂಡ ಒಲ್ಲೆ ಅಂದರು. ಮಾರ್ಥಾ, ಇಜೋರಾ ಅವರಿಗೂ ಮೊದಲು ಕೇಳಿದಾಗ ಇದೆಂಥ ಹುಚ್ಚು ಹಾಡು ಅನಿಸಿತ್ತು. ಆಕಾಶದಿಂದ ಮಳೆಯ ಬದಲು ಗಂಡಸರು ಸುರಿಯುತ್ತಾರೆ ಅಂತ ಯಾರು ನಂಬಿ ಕೊಳ್ಳುತ್ತಾರೆ? ಜಬಾರಾ ಬಿಡದೆ ಗೋಗರೆದರು. 1982ರಲ್ಲಿ ಹಾಡು ಬಂತು. ಹಾಡಿನ ಶುರುವಿನಲ್ಲಿ ತಮ್ಮನ್ನು ತಾವು ಹವಾಮಾನ ವರದಿ ಓದುವ ಹುಡುಗಿಯರು ಅಂತ ಕರೆದುಕೊಳ್ಳುತ್ತಾರೆ. ಹಾಗಾಗಿ ತಂಡದ ಹೆಸರೇ 'ದಿ ವೆದರ್ ಗರ್ಲ್ಸ್' ಆಯಿತು.

ಅಮೆರಿಕದ ಡಾನ್ಸ್ ಪಟ್ಟಿಯಲ್ಲಿ ಅದು 1ನೇ ಸ್ಥಾನಕ್ಕೆ ಏರಿತು. ಆದರೆ ಎಲ್ಲ ಬಗೆಯ ಹಾಡುಗಳೂ ಸೇರುವ ಮುಖ್ಯ ಪಟ್ಟಿಯಲ್ಲಿ 46ಕ್ಕೇ ನಿಂತಿತು. ಕುಣಿಯುವವರು ಒಪ್ಪಿದ್ದನ್ನು ರೇಡಿಯೊ ಅಷ್ಟಾಗಿ ಒಪ್ಪಲಿಲ್ಲ ಅಂತ ಇದರಿಂದಲೇ ಗೊತ್ತಾಗುತ್ತದೆ. ಬ್ರಿಟನ್ನಿನಲ್ಲಿ 1984ರಲ್ಲಿ 2ನೇ ಸ್ಥಾನ ಸಿಕ್ಕಿತು. 2001ರಲ್ಲಿ ಅಲ್ಲಿನ ಗಾಯಕಿ ಜೆರಿ ಹ್ಯಾಲಿವೆಲ್ ಅದನ್ನೇ ಮತ್ತೆ ಹಾಡಿದಾಗ ಬ್ರಿಟನ್ನಿನಲ್ಲಿ 1ನೇ ಸ್ಥಾನ ಬಂತು. ಆ ಹಾಡೂ ಚೆನ್ನಾಗಿಯೇ ಇದೆ. ಆದರೆ ಮೂಲ ಹಾಡಿನ ಕೊನೆಯಲ್ಲಿ ಇಬ್ಬರೂ ಒಬ್ಬರ ಮೇಲೊಬ್ಬರು ಪೈಪೋಟಿಗೆ ಬಿದ್ದವರ ಹಾಗೆ ಏರುತ್ತಾರಲ್ಲ, ಅದು ಇನ್ಯಾರಿಂದಲೂ ಬಂದಿಲ್ಲ.

ವೆದರ್ ಗರ್ಲ್ಸ್ ಈಗಲೂ ಇದೆಯಾ?

ಮೂಲ ಜೋಡಿ 1988ರಲ್ಲಿ ಬೇರೆಯಾಯಿತು. ಆಮೇಲೆ ಇಜೋರಾ ಜರ್ಮನಿಯಲ್ಲಿ ನೆಲೆಸಿ, ಮಗಳನ್ನು ಜೊತೆಗೆ ಹಾಕಿಕೊಂಡು ಅದೇ ಹೆಸರಲ್ಲಿ ಹಾಡಿದರು. ಅವರು 2004ರಲ್ಲಿ ತೀರಿಕೊಂಡರು. ಸಿಲ್ವೆಸ್ಟರ್ 1988ರಲ್ಲಿ, ಪಾಲ್ ಜಬಾರಾ 1992ರಲ್ಲಿ ಏಡ್ಸ್‌ನಿಂದ ತೀರಿಹೋಗಿದ್ದರು. ಡಿಸ್ಕೋ ಕಾಲದ ಕಥೆ ಬರೆಯಲು ಕೂತರೆ ಇಂಥ ಸಾಲುಗಳು ಮತ್ತೆ ಮತ್ತೆ ಎದುರಾಗುತ್ತವೆ. ಪ್ರತಿ ಸಲವೂ ಕೈ ತಡೆಯುತ್ತದೆ.

ಬ್ಲ್ಯಾಕ್ ಬಾಕ್ಸ್ ವಿಚಾರದಲ್ಲಿ ನಡೆದದ್ದೇನು?

ಬ್ಲ್ಯಾಕ್ ಬಾಕ್ಸ್ ಇಟಲಿಯ ತಂಡ. ಮೂವರು ಗಂಡಸರು ಸ್ಟುಡಿಯೋದಲ್ಲಿ ಕೂತು ಹೌಸ್ ಸಂಗೀತ, ಅಂದರೆ ಯಂತ್ರದ ತಾಳದ ಡಾನ್ಸ್ ಸಂಗೀತ, ಮಾಡುತ್ತಿದ್ದರು. ಅವರಿಗೆ ಹಾಡುವ ದನಿ ಬೇಕಿತ್ತು. ಮಾರ್ಥಾ ಅವರನ್ನು ಡೆಮೊ ಹಾಡಲು ಕರೆದರು.

ನಮ್ಮ ಸಿನಿಮಾ ಸ್ಟುಡಿಯೋಗಳಲ್ಲಿ 'ಟ್ರ್ಯಾಕ್ ಹಾಡೋದು' ಅಂತ ಇದೆಯಲ್ಲ, ಡೆಮೊ ಅಂದರೆ ಹೆಚ್ಚು ಕಡಿಮೆ ಅದೇ. ಹೆಸರಾದ ಗಾಯಕರು ಬರುವ ಮೊದಲು ಬೇರೊಬ್ಬರು ಹಾಡಿ ದಾರಿ ತೋರಿಸುತ್ತಾರೆ. ಅವರಿಗೆ ಆ ದಿನದ ಸಂಭಾವನೆ ಕೊಟ್ಟರೆ ಮುಗಿಯಿತು. ಆಮೇಲೆ ದೊಡ್ಡವರು ಬಂದು ಅದರ ಮೇಲೆ ಹಾಡುತ್ತಾರೆ. ಇಲ್ಲಿ ಆಗಿದ್ದು ಏನೆಂದರೆ, ಮೇಲೆ ಹಾಡಲು ಯಾರೂ ಬರಲೇ ಇಲ್ಲ. ಮಾರ್ಥಾ ಹಾಡಿದ್ದೇ ಡಿಸ್ಕ್ ಆಗಿ ಹೊರಬಂತು. ವಿಡಿಯೊದಲ್ಲಿ ತುಟಿ ಆಡಿಸಿದ್ದು ಕ್ಯಾಟ್ರಿನ್ ಕಿನಾಲ್ ಅನ್ನುವ ಫ್ರೆಂಚ್ ಮಾಡೆಲ್. ತೆಳ್ಳಗೆ, ಎತ್ತರವಾಗಿ ಇದ್ದವರು.

1990ರ 'ಡ್ರೀಮ್‌ಲ್ಯಾಂಡ್' ಆಲ್ಬಂನಲ್ಲಿ 'ಎವ್ರಿಬಡಿ ಎವ್ರಿಬಡಿ', 'ಸ್ಟ್ರೈಕ್ ಇಟ್ ಅಪ್', 'ಐ ಡೋಂಟ್ ನೋ ಎನಿಬಡಿ ಎಲ್ಸ್', 'ಫ್ಯಾಂಟಸಿ' ಎಲ್ಲ ಮಾರ್ಥಾ ಅವರವೇ. ಮೊದಲ ಎರಡೂ ಅಮೆರಿಕದ ಮುಖ್ಯ ಪಟ್ಟಿಯಲ್ಲಿ 8ನೇ ಸ್ಥಾನದವರೆಗೆ ಹೋದವು. ಆಲ್ಬಂ ಕೊಂಡು ತಂದವರು ಕವರ್ ತಿರುಗಿಸಿ ನೋಡಿದರೆ ಆ ದನಿಯ ಒಡತಿಯ ಹೆಸರು ಎಲ್ಲೂ ಸಿಗುತ್ತಿರಲಿಲ್ಲ.

'ರೈಡ್ ಆನ್ ಟೈಮ್' ಹಾಡಿದ್ದೂ ಇವರೇ ಅಂತ ಓದಿದ್ದೆ.

ಅಲ್ಲ, ಇದು ತುಂಬಾ ಜನ ಮಾಡುವ ತಪ್ಪು. ಬ್ಲ್ಯಾಕ್ ಬಾಕ್ಸ್‌ನ ಆ ಮೊದಲ ದೊಡ್ಡ ಹಿಟ್‌ನಲ್ಲಿ ಇದ್ದದ್ದು ಲೊಲೀಟಾ ಹಾಲೊವೇ ಅವರ ದನಿ. 1980ರ 'ಲವ್ ಸೆನ್ಸೇಷನ್' ಹಾಡಿನಿಂದ ತುಣುಕು ಕತ್ತರಿಸಿ ಅಂಟಿಸಿದ್ದರು. 1989ರಲ್ಲಿ ಅದು ಬ್ರಿಟನ್ನಿನಲ್ಲಿ ಆರು ವಾರ 1ನೇ ಸ್ಥಾನದಲ್ಲಿ ಕೂತಿತ್ತು. ಆ ವರ್ಷ ಅಲ್ಲಿ ಅತಿ ಜಾಸ್ತಿ ಮಾರಾಟವಾದ ಸಿಂಗಲ್ಲೂ ಅದೇ. ವಿಡಿಯೊದಲ್ಲಿ ಆಗಲೂ ಕ್ಯಾಟ್ರಿನ್ ಅವರೇ. ಲೊಲೀಟಾ ಲಾಯರ್ ಹಿಡಿದ ಮೇಲೆ ರಾಜಿ ಆಯಿತು. ತಂಡದವರು ಅದೇ ಸಾಲುಗಳನ್ನು ಹೆದರ್ ಸ್ಮಾಲ್ ಅವರಿಂದ ಮತ್ತೆ ಹಾಡಿಸಿ ಇನ್ನೊಂದು ಆವೃತ್ತಿಯನ್ನೂ ಬಿಟ್ಟರು.

ಒಂದು ಒಳ್ಳೆಯ ಮಾತೂ ಇದೆ. 1991ರಲ್ಲಿ ಮಾರ್ಕಿ ಮಾರ್ಕ್ ತಂಡ ಅದೇ 'ಲವ್ ಸೆನ್ಸೇಷನ್' ತುಣುಕು ಬಳಸಿ 'ಗುಡ್ ವೈಬ್ರೇಷನ್ಸ್' ಮಾಡಿತು. ಈ ಸಲ ಲೊಲೀಟಾ ಅವರ ಹೆಸರು ಹಾಕಿದರು, ವಿಡಿಯೊದಲ್ಲೂ ಅವರನ್ನೇ ತೋರಿಸಿದರು. ಹಾಡು ಅಮೆರಿಕದಲ್ಲಿ 1ನೇ ಸ್ಥಾನಕ್ಕೆ ಹೋಯಿತು. ನಿಜವಾದ ಗಾಯಕಿಯ ಮುಖ ತೋರಿಸಿದರೆ ಹಾಡು ಓಡುವುದಿಲ್ಲ ಅನ್ನುವ ಹೆದರಿಕೆ ಎಷ್ಟು ಸುಳ್ಳು ಅಂತ ಇಲ್ಲಿ ಗೊತ್ತಾಯಿತು, ಅಲ್ವಾ?

'ಎವ್ರಿಬಡಿ ಡಾನ್ಸ್ ನೌ' ವಿವಾದ ಏನು?

ಹಾಡಿನ ಪೂರ್ತಿ ಹೆಸರು 'ಗೊನ್ನಾ ಮೇಕ್ ಯೂ ಸ್ವೆಟ್ (ಎವ್ರಿಬಡಿ ಡಾನ್ಸ್ ನೌ)'. ಮಾಡಿದವರು ಸಿ ಪ್ಲಸ್ ಸಿ ಮ್ಯೂಸಿಕ್ ಫ್ಯಾಕ್ಟರಿ, ಅಂದರೆ ರಾಬರ್ಟ್ ಕ್ಲಿವಿಲ್ಸ್ ಮತ್ತು ಡೇವಿಡ್ ಕೋಲ್. ಇದೇ ಇಬ್ಬರು 1989ರಲ್ಲಿ ಸೆಡಕ್ಷನ್ ಅನ್ನುವ ಹುಡುಗಿಯರ ತಂಡದ 'ಟ್ರೂ ಲವ್' ಹಾಡಿಗೂ ಮಾರ್ಥಾ ಅವರ ದನಿಯನ್ನು ಮುಖ್ಯವಾಗಿ ಬಳಸಿಕೊಂಡಿದ್ದರು.

1990ರ ಜೂನ್‌ನಲ್ಲಿ ಮಾರ್ಥಾ ಈ ಇಬ್ಬರಿಗಾಗಿ ಸ್ಟುಡಿಯೋಗೆ ಹೋಗಿ ಹಾಡಿ ಬಂದರು. ಅದು ಬೇರೊಂದು ಹಾಡಿಗೆ. ಅದರಿಂದ ತುಣುಕು ಆಯ್ದು, ಜೋಡಿಸಿ, ಹೊಸ ಹಾಡಿನ ಕೋರಸ್ ಮಾಡಿದರು. ವಿಡಿಯೊದಲ್ಲಿ ಆ ದನಿಗೆ ತುಟಿ ಆಡಿಸಿದ್ದು ಲೈಬೀರಿಯಾದಲ್ಲಿ ಹುಟ್ಟಿದ ಜೆಲ್ಮಾ ಡೇವಿಸ್. ರ‍್ಯಾಪ್ ಹಾಡಿದ ಫ್ರೀಡಮ್ ವಿಲಿಯಮ್ಸ್ ಹೆಸರು ಕವರಿನ ಮೇಲೆ ಇತ್ತು. ಹಾಡನ್ನು ಎತ್ತಿ ನಿಲ್ಲಿಸಿದ ಆ ಕರೆ ಯಾರದು ಅಂತ ಮಾತ್ರ ಇರಲಿಲ್ಲ. 1991ರ ಫೆಬ್ರವರಿಯಲ್ಲಿ ಅದು ಅಮೆರಿಕದ ಮುಖ್ಯ ಪಟ್ಟಿಯ ತುದಿಗೇರಿ ಎರಡು ವಾರ ಅಲ್ಲೇ ಇತ್ತು.

ಸುಮ್ನೆ ಒಂದು ಕ್ಷಣ ಯೋಚನೆ ಮಾಡಿ. ದೇಶದ ನಂಬರ್ ಒನ್ ಹಾಡು ನಿಮ್ಮದು. ಅಂಗಡಿಯಲ್ಲಿ, ಕಾರಿನಲ್ಲಿ, ಟಿವಿಯಲ್ಲಿ ನಿಮ್ಮ ದನಿಯೇ. ಅದು ನಾನು ಅಂತ ಹೇಳಿದರೆ, ಟಿವಿಯಲ್ಲಿ ಬೇರೆ ಮುಖ ನೋಡುತ್ತಿರುವ ಜನ ನಂಬುವುದು ಹೇಗೆ?

ನಮ್ಮ ಸಿನಿಮಾಗಳಲ್ಲಿ ಒಬ್ಬರು ಹಾಡಿ ಇನ್ನೊಬ್ಬರು ತುಟಿ ಆಡಿಸುವುದು ಮಾಮೂಲಿ. ಅದರಲ್ಲಿ ತಪ್ಪೇನು?

ಕನ್ನಡದವರು ಕೇಳಲೇಬೇಕಾದ ಪ್ರಶ್ನೆ ಇದು. ನನಗೂ ಮೊದಲು ಬಂದದ್ದು ಇದೇ ಅನುಮಾನ.

ರಾಜ್‌ಕುಮಾರ್ ತೆರೆಯ ಮೇಲೆ ಹಾಡುತ್ತಿದ್ದರೆ, ಒಳಗಿನ ದನಿ ಪಿ.ಬಿ. ಶ್ರೀನಿವಾಸ್ ಅವರದು ಅಂತ ಎಷ್ಟೋ ವರ್ಷ ಇಡೀ ನಾಡಿಗೆ ಗೊತ್ತಿತ್ತು. ಎಸ್. ಜಾನಕಿ ಅವರ ಹೆಸರು ಟೈಟಲ್ ಕಾರ್ಡಿನಲ್ಲಿ ಬರುತ್ತಿತ್ತು, ಕ್ಯಾಸೆಟ್ಟಿನ ಮೇಲೆ ಇರುತ್ತಿತ್ತು, ರೇಡಿಯೊದಲ್ಲಿ ಹಾಡಿಗೆ ಮೊದಲೇ ಹೇಳುತ್ತಿದ್ದರು. ದನಿ ಎರವಲು ಅನ್ನುವುದನ್ನು ಯಾರೂ ಮುಚ್ಚಿಡುತ್ತಿರಲಿಲ್ಲ. ನಟರಿಗೆ ನಟನೆಯ ಹೆಸರು, ಗಾಯಕರಿಗೆ ಹಾಡಿನ ಹೆಸರು, ಅಷ್ಟೇ. ಸಂಗೀತ ತಂಡದ ವಿಷಯ ಹಾಗಲ್ಲ. ಇವಳೇ ನಮ್ಮ ಗಾಯಕಿ ಅಂತ ತೋರಿಸಿ ಹಾಡು ಮಾರಿದರೆ ಅದು ಸುಳ್ಳು ಹೇಳಿ ಮಾರಿದ ಹಾಗೆ.

ಹಾಗಂತ ಭಾರತದಲ್ಲಿ ಎಲ್ಲವೂ ಮೊದಲಿನಿಂದ ಸರಿ ಇತ್ತು ಅಂತಲೂ ಅಲ್ಲ. 1949ರ ಹಿಂದಿ ಚಿತ್ರ 'ಮಹಲ್'ನ ಹಾಡನ್ನು ಹಾಡಿದ್ದು ಲತಾ ಮಂಗೇಶ್ಕರ್. ಆದರೆ ಮೊದಲು ಬಂದ ಗ್ರಾಮಫೋನ್ ತಟ್ಟೆಯ ಮೇಲೆ ಇದ್ದದ್ದು ಕಾಮಿನಿ ಅನ್ನುವ ಪಾತ್ರದ ಹೆಸರು. ಲತಾ ಅಂಥವರಿಗೂ ತಮ್ಮ ಹೆಸರು ಸುಮ್ಮನೆ ಸಿಗಲಿಲ್ಲ.

ಇದು ಮಿಲಿ ವನಿಲಿ ಹಗರಣದ ಥರಾನೇನಾ?

ಕಾಲ ಒಂದೇ. 1990ರ ನವೆಂಬರ್‌ನಲ್ಲಿ ಮಿಲಿ ವನಿಲಿ ಅನ್ನುವ ಪಾಪ್ ಜೋಡಿಯ ಇಬ್ಬರು ಹುಡುಗರು ತಮ್ಮ ಆಲ್ಬಂನಲ್ಲಿ ಹಾಡಿಯೇ ಇರಲಿಲ್ಲ ಅಂತ ಬಯಲಾಯಿತು, ಅವರಿಗೆ ಕೊಟ್ಟಿದ್ದ ಗ್ರಾಮಿ ಪ್ರಶಸ್ತಿಯನ್ನು ವಾಪಸ್ ಪಡೆದರು. ಅಲ್ಲಿ ಸುದ್ದಿಯೆಲ್ಲ ತುಟಿ ಆಡಿಸಿದವರ ಮೇಲೆ ಇತ್ತು. ಮಾರ್ಥಾ ಪ್ರಕರಣದಲ್ಲಿ ದನಿಯ ಒಡತಿಯೇ ಎದ್ದು ನಿಂತು ಕೇಳಿದರು. ನನಗೆ ಇದೇ ಮುಖ್ಯ ವ್ಯತ್ಯಾಸ.

ಕೋರ್ಟಿನಲ್ಲಿ ಏನಾಯಿತು?

1990ರಲ್ಲೇ ಮೊಕದ್ದಮೆ ಹೂಡಿದರು. ಒಂದು ಬ್ಲ್ಯಾಕ್ ಬಾಕ್ಸ್ ಹಾಡುಗಳ ವಿಚಾರಕ್ಕೆ, ಇನ್ನೊಂದು ಡಿಸೆಂಬರ್‌ನಲ್ಲಿ ಸಿ ಪ್ಲಸ್ ಸಿ ವಿಚಾರಕ್ಕೆ. ವಂಚನೆ, ಕೊಳ್ಳುವವರ ದಾರಿ ತಪ್ಪಿಸುವ ಪ್ಯಾಕಿಂಗ್, ಅನುಮತಿ ಇಲ್ಲದೆ ದನಿಯಿಂದ ಲಾಭ ಮಾಡಿಕೊಂಡದ್ದು, ಇವು ಅವರ ದೂರುಗಳು. ಎರಡೂ ತೀರ್ಪಿನವರೆಗೆ ಹೋಗದೆ ರಾಜಿಯಲ್ಲಿ ಮುಗಿದವು. ಬ್ಲ್ಯಾಕ್ ಬಾಕ್ಸ್ ಹಾಡುಗಳನ್ನು ಅಮೆರಿಕದಲ್ಲಿ ಬಿಟ್ಟಿದ್ದ ಆರ್‌ಸಿಎ ಕಂಪನಿಯು ರಾಜಿಯ ಭಾಗವಾಗಿ ಅವರ ಜೊತೆಗೇ ಆಲ್ಬಂ ಒಪ್ಪಂದ ಮಾಡಿಕೊಂಡಿತು. ಸಿ ಪ್ಲಸ್ ಸಿ ಹಾಡನ್ನು ಬಿಟ್ಟಿದ್ದ ಸೋನಿ ಕಂಪನಿಯು ಎಂಟಿವಿ ವಾಹಿನಿಗೆ ಹೇಳಿ ವಿಡಿಯೊದಲ್ಲಿ ಒಂದು ಸಾಲು ಹಾಕಿಸಿತು. ಗಾಯನ ಮಾರ್ಥಾ ವಾಶ್ ಅವರದು, ತೆರೆಯ ಮೇಲೆ ಜೆಲ್ಮಾ ಡೇವಿಸ್ ಅನ್ನುವ ಅರ್ಥದ ಸಾಲು.

ಇದರಿಂದ ಅಮೆರಿಕದಲ್ಲಿ ಹೊಸ ಕಾಯಿದೆಯೇ ಬಂತು ಅಂತ ಹಲವು ಕಡೆ ಬರೆದಿರುತ್ತಾರೆ. ಅಷ್ಟು ದೊಡ್ಡ ಮಾತು ಬೇಡ. ಬದಲಾದದ್ದು ಕಂಪನಿಗಳ ರೂಢಿ. ಹಾಡಿದವರ ಹೆಸರನ್ನು ಡಿಸ್ಕಿನ ಮೇಲೆ, ವಿಡಿಯೊದಲ್ಲಿ ಹಾಕದಿದ್ದರೆ ಕೋರ್ಟು ಮೆಟ್ಟಿಲು ಹತ್ತಬೇಕಾದೀತು ಅಂತ ಅವರಿಗೆ ಅರ್ಥವಾಯಿತು. ಆಮೇಲೆ ಎಷ್ಟೋ ಗಾಯಕಿಯರು ಜಗಳವಿಲ್ಲದೆ ತಮ್ಮ ಹೆಸರು ಪಡೆದರು. ಎಲ್ಲ ಕಡೆಯೂ ಅಲ್ಲ. ಇಟಲಿಯ ಕೊರೋನಾ ತಂಡದ 1993ರ 'ರಿದಮ್ ಆಫ್ ದಿ ನೈಟ್' ಹಾಡಿದ್ದು ಜೊವಾನ್ನಾ ಬರ್ಸೋಲಾ, ವಿಡಿಯೊದಲ್ಲಿ ಕಂಡದ್ದು ಓಲ್ಗಾ ಸೋಜಾ.

ಹಾಗಾದರೆ ಕ್ಯಾಟ್ರಿನ್, ಜೆಲ್ಮಾ ತಪ್ಪು ಮಾಡಿದವರಾ?

ನಾನು ಹಾಗೆ ಹೇಳಲಾರೆ. ಜೆಲ್ಮಾ ಸ್ವತಃ ಗಾಯಕಿ, ಅದೇ ಆಲ್ಬಂನ ಬೇರೆ ಹಾಡುಗಳಲ್ಲಿ ಅವರ ಸ್ವಂತ ದನಿ ಇದೆ. ಯಾರನ್ನು ತೋರಿಸಬೇಕು, ಯಾರನ್ನು ಮರೆಮಾಡಬೇಕು ಅಂತ ತೀರ್ಮಾನ ಮಾಡಿದವರು ಇವರಲ್ಲ. ದಪ್ಪಗಿನ ಹೆಂಗಸು ಟಿವಿಯಲ್ಲಿ ಕಂಡರೆ ಹಾಡು ಮಾರಾಟವಾಗುವುದಿಲ್ಲ ಅಂತ ಕೋಣೆಯೊಳಗೆ ಕೂತವರು ಲೆಕ್ಕ ಹಾಕಿದರು. ಆ ಲೆಕ್ಕದಲ್ಲಿ ದನಿ ಇದ್ದವರಿಗೂ ಅನ್ಯಾಯ ಆಯಿತು, ಮುಖ ಕೊಟ್ಟವರಿಗೂ ಕೆಟ್ಟ ಹೆಸರು ಬಂತು.

ಸ್ವಂತ ಹೆಸರಿನಲ್ಲಿ ಗೆದ್ದರಾ?

ಗೆದ್ದರು. 1992ರ 'ಕ್ಯಾರಿ ಆನ್', 1993ರ 'ಗಿವ್ ಇಟ್ ಟು ಯೂ' ಎರಡೂ ಅಮೆರಿಕದ ಡಾನ್ಸ್ ಪಟ್ಟಿಯಲ್ಲಿ 1ನೇ ಸ್ಥಾನ ಪಡೆದವು. 1993ರ ಆಲ್ಬಂಗೆ ಇಟ್ಟ ಹೆಸರು ಬರೀ 'ಮಾರ್ಥಾ ವಾಶ್'. ಅಷ್ಟು ವರ್ಷದ ಮೇಲೆ ಅದಕ್ಕಿಂತ ಒಳ್ಳೆಯ ಹೆಸರು ಇನ್ನೇನಿತ್ತು!

ಆಮೇಲೆ ಹೌಸ್ ಸಂಗೀತದ ನಿರ್ಮಾಪಕ ಟಾಡ್ ಟೆರ್ರಿ ಜೊತೆ 1996ರಲ್ಲಿ 'ಕೀಪ್ ಆನ್ ಜಂಪಿನ್', 1997ರಲ್ಲಿ 'ಸಮ್‌ಥಿಂಗ್ ಗೋಯಿನ್ ಆನ್' ಬಂದವು. ಎರಡೂ ಬ್ರಿಟನ್ನಿನ ಮೊದಲ ಹತ್ತರೊಳಗೆ ಹೋದವು. ಎರಡರಲ್ಲೂ ಜೊತೆಗೆ ಹಾಡಿದವರು ಜೋಸಲಿನ್ ಬ್ರೌನ್. 1990ರ 'ದಿ ಪವರ್' ಹಾಡಿನಲ್ಲಿ ಬರುವ 'ಐವ್ ಗಾಟ್ ದಿ ಪವರ್' ಅನ್ನುವ ಪ್ರಸಿದ್ಧ ಸಾಲು ಜೋಸಲಿನ್ ಅವರ 1985ರ ಹಾಡಿನಿಂದ ಬಂದದ್ದು. ತುಣುಕಾಗಿ ಬಳಕೆಯಾದ ಎರಡು ದನಿಗಳು ಈ ಸಲ ಪೂರ್ತಿ ಹೆಸರಿನೊಂದಿಗೆ ಒಂದೇ ಮೈಕಿನ ಮುಂದೆ ಸೇರಿದವು.

ಇತ್ತೀಚೆಗೂ ಹಾಡಿದ್ದಾರಾ?

ಹಾಡಿದ್ದಾರೆ. ಪರ್ಪಲ್ ರೋಸ್ ಅನ್ನುವ ಸ್ವಂತ ರೆಕಾರ್ಡ್ ಕಂಪನಿ ಶುರು ಮಾಡಿದರು. 2013ರಲ್ಲಿ 'ಸಮ್‌ಥಿಂಗ್ ಗುಡ್', 2020ರಲ್ಲಿ 'ಲವ್ ಅಂಡ್ ಕಾನ್‌ಫ್ಲಿಕ್ಟ್' ಆಲ್ಬಂಗಳು ಬಂದವು. ಲಿಂಡಾ ಕ್ಲಿಫರ್ಡ್, ಎವಲಿನ್ 'ಶಾಂಪೇನ್' ಕಿಂಗ್ ಜೊತೆ ಸೇರಿ 'ಫಸ್ಟ್ ಲೇಡೀಸ್ ಆಫ್ ಡಿಸ್ಕೋ' ಹೆಸರಲ್ಲೂ ಹಾಡಿದರು.

ಅವರ ದನಿಯಲ್ಲಿ ಅಂಥ ವಿಶೇಷ ಏನು?

ಜೋರಾಗಿ ಹಾಡುವವರು ಬೇಕಾದಷ್ಟು ಜನ ಇದ್ದಾರೆ. ಮಾರ್ಥಾ ಜೋರಾಗಿ ಹಾಡಿದಾಗಲೂ ದನಿ ಒಡೆಯುವುದಿಲ್ಲ, ಕಿರುಚಿದಂತೆ ಆಗುವುದಿಲ್ಲ. ತುಂಬಿದ ಕೊಡದ ಹಾಗೆ ಇರುತ್ತದೆ. ಹೌಸ್ ಹಾಡುಗಳಲ್ಲಿ ಡ್ರಮ್, ಬೇಸ್ ಎಲ್ಲ ಯಂತ್ರದ್ದೇ, ಒಂದೇ ಸಮನೆ ಬಡಿಯುತ್ತಿರುತ್ತವೆ. ಸಣ್ಣ ದನಿ ಅದರಡಿ ಮುಳುಗಿಹೋಗುತ್ತದೆ. ಇವರ ದನಿ ಮೇಲೆ ಕೂತು ಆ ಯಂತ್ರವನ್ನೇ ಎಳೆದುಕೊಂಡು ಹೋಗುತ್ತದೆ. ಮಾತುಗಳೂ ಸ್ಪಷ್ಟ. ಎರಡೇ ಪದ ಕತ್ತರಿಸಿ ತೆಗೆದರೂ ಅದರಲ್ಲಿ ಪೂರ್ತಿ ಉತ್ಸಾಹ ಇರುತ್ತದೆ. ನಿರ್ಮಾಪಕರಿಗೆ ಆ ದನಿಯನ್ನು ಬಿಡಲು ಮನಸ್ಸು ಬಾರದಿದ್ದದ್ದು ಅದಕ್ಕೇ.

ಹೊಸದಾಗಿ ಕೇಳುವವರು ಎಲ್ಲಿಂದ ಶುರು ಮಾಡಬೇಕು?

ಮೊದಲು ಸಿಲ್ವೆಸ್ಟರ್ ಜೊತೆಗಿನ 'ಡಾನ್ಸ್ (ಡಿಸ್ಕೋ ಹೀಟ್)'. ಆಮೇಲೆ 'ಇಟ್ಸ್ ರೇನಿಂಗ್ ಮೆನ್', ಅದರ ವಿಡಿಯೊ ಸಮೇತ. ಕಡಿಮೆ ದುಡ್ಡಿನಲ್ಲಿ ಮಾಡಿದ್ದು ಅಂತ ಕಣ್ಣಿಗೆ ಹೊಡೆಯುತ್ತದೆ, ಆದರೆ ಇಬ್ಬರ ಮುಖದ ಖುಷಿ ನೋಡಿ. ನಂತರ 'ಎವ್ರಿಬಡಿ ಎವ್ರಿಬಡಿ', ಇದನ್ನು ಕಣ್ಣು ಮುಚ್ಚಿ ಕೇಳಿ. ಆಮೇಲೆ 'ಕ್ಯಾರಿ ಆನ್'.

ಕೊನೆಗೆ 1994ರ 'ಡೂ ಯೂ ವಾನಾ ಗೆಟ್ ಫಂಕಿ' ಉಳಿಸಿಕೊಳ್ಳಿ. ಅದು ಸಿ ಪ್ಲಸ್ ಸಿ ಮ್ಯೂಸಿಕ್ ಫ್ಯಾಕ್ಟರಿಯದೇ ಹಾಡು. ಹೌದು, ಯಾರ ಮೇಲೆ ಮೊಕದ್ದಮೆ ಹೂಡಿದ್ದರೋ ಅದೇ ತಂಡದ ಜೊತೆ ಮಾರ್ಥಾ ಮತ್ತೆ ಹಾಡಿದರು. ಜೆಲ್ಮಾ ಡೇವಿಸ್ ಕೂಡ ಅದೇ ಹಾಡಿನಲ್ಲಿ ತಮ್ಮ ಸ್ವಂತ ದನಿಯಲ್ಲಿ ಇದ್ದಾರೆ. ಅಮೆರಿಕದ ಡಾನ್ಸ್ ಪಟ್ಟಿಯಲ್ಲಿ ಅದೂ 1ನೇ ಸ್ಥಾನಕ್ಕೆ ಏರಿತು. ಇದನ್ನು ಮಾತ್ರ ಕಣ್ಣು ಬಿಟ್ಟು ನೋಡಿ. ಮಾರ್ಥಾ ಅವರ ದನಿ ಬಂದಾಗ ತೆರೆಯ ಮೇಲೆ ಬರುವುದು ಮಾರ್ಥಾ ಅವರೇ.